ಮಿನೆ ಹೂಂಗುಟ್ಟದ ದಿನ

ಹಯಾಸೆ ಕಣಿವೆಯ ಏಳು ಗ್ರಂಥಾಲಯಗಳಿಂದ ಒಂದೂ ಪುಸ್ತಕ ತಂದು ಓದದ ಜನ ಬೇಕಾದಷ್ಟಿದ್ದಾರೆ. ಆದರೆ ನಮ್ಮಲ್ಲಿ ಮಿನೆಯ ಕಥೆ ಕೇಳದವರು ಯಾರೂ ಇಲ್ಲ. ತಮಾಷೆಯೆಂದರೆ ಮಿನೆಯೂ ಓದದವರ ಗುಂಪಿಗೇ ಸೇರಿದವಳು. ಅವಳು ಗ್ರಂಥಾಲಯದ ಹೊಸ್ತಿಲು ದಾಟಿದ್ದೇ ಕಥೆ ಹೇಳುವುದಕ್ಕೆ.

ಇದ್ದಿಲು ಸುಡುವವರ ಮನೆಯ ಮಗಳು ಅವಳು. ಘಟ್ಟದ ಆಚೆಯಿಂದ ಒಯಾಮದಾ ಮನೆಗೆ ಸೊಸೆಯಾಗಿ ಬಂದಾಗ ಬಾಯಲ್ಲಿ ಮಾತೇ ಇರಲಿಲ್ಲ. ಅತ್ತೆ ಇಶಿಗೆ ಇಬ್ಬರಿಗೂ ಸಾಲುವಷ್ಟು ಬಾಯಿತ್ತು. ಅನ್ನ ಮುದ್ದೆಯಾದರೆ ಬೈಗುಳ, ಉದುರಾದರೆ ಇನ್ನೊಂದು ಬೈಗುಳ. ಆದರೆ ಹಿಮ ಬಿದ್ದು ಬಾಗಿಲು ಮುಚ್ಚಿದ ಮೇಲೆ, ಒಲೆಯ ಸುತ್ತ ಸೋಯಾ ಕಾಯಿ ಬಿಡಿಸಲು ಕೂತಾಗ, ಅದೇ ಮುದುಕಿ ಬೇರೆ ಹೆಂಗಸಾಗುತ್ತಿದ್ದಳು. "ಒಂದಾನೊಂದು ಕಾಲ್ದಲ್ಲಿ..." ಎಂದು ತೆಗೆದರೆ ಸೊಸೆ "ಹೂಂ" ಅನ್ನಬೇಕು. ಒಂದೊಂದು ಮಾತಿಗೂ ಒಂದು ಹೂಂ.

ನಮ್ಮ ಕಣಿವೆಯಲ್ಲಿ ಅದು ಬರೀ ಮರ್ಯಾದೆಯಲ್ಲ, ಕಟ್ಟಳೆ. ಹೂಂ ನಿಂತರೆ ಕಥೆಯೂ ಅಲ್ಲಿಗೇ ನಿಲ್ಲಬೇಕು. ಕೇಳುವವರಿಗೆ ನಿದ್ದೆ ಬಂತೋ, ಬೇಡವಾಯಿತೋ, ಅದನ್ನು ಯಾರೂ ವಿಚಾರಿಸುವುದಿಲ್ಲ. ಇನ್ನು ಕೊನೆಯ ಮಾತಿನವರೆಗೂ ಹೂಂಗುಟ್ಟಿದವರಿಗೆ ಕಥೆ ಸೇರಿತು ಎಂದೇ ಲೆಕ್ಕ. ಆಮೇಲೆ ಅವರು ಅದನ್ನು ಎಲ್ಲಿ ಬೇಕಾದರೂ ಹೇಳಬಹುದು, ಯಾರ ಅಪ್ಪಣೆಯೂ ಬೇಡ. ಹೀಗೆಯೇ ಇಶಿಯ ಕಥೆಗಳೆಲ್ಲ ಮಿನೆಯ ಹೊಟ್ಟೆ ಸೇರಿದವು.

ಇಶಿ ತೀರಿಕೊಂಡ ಕೆಲವು ವರ್ಷಗಳಿಗೆ ಕೇಂದ್ರ ಗ್ರಂಥಾಲಯದವರು ಪುಸ್ತಕದ ಬಸ್ಸು ಕೊಂಡರು. ಶಾಖೆಗಳಲ್ಲಿ ಕಾರ್ಯಕ್ರಮ ನಡೆಸುವ ಸುಗವಾ ಎಂಬ ಅಧಿಕಾರಿ ಮಿನೆಯ ಜಗಲಿಯ ಮೇಲೆ ಬಂದು ಕೂತ.

"ಒಯಾಮದಾ-ಸಾನ್, ತಿಂಗಳಿಗೊಂದು ಶಾಖೆ. ಮಧ್ಯಾಹ್ನ ಊಟ ಆದ್ಮೇಲೆ ಬಂದು ಕಥೆ ಹೇಳ್ಬೇಕು."

"ಹಗಲು ಹೊತ್ತು ಕಥೆ ಹೇಳಿದ್ರೆ ಇಲಿ ಬಂದು ತಲೆ ಮೇಲೆ ಉಚ್ಚೆ ಹೊಯ್ಯುತ್ತೆ. ನಿಮ್ಮ ತಾಯಿ ಹೇಳಿಲ್ವಾ?"

"ಕಪ್ಪು ಪರದೆ ಎಳಿಸ್ತೀನಿ."

"ಪರದೆ ಎಳೆದ್ರೆ ಇಲಿ ಮೋಸ ಹೋಗುತ್ತಾ ಸುಗವಾ-ಸಾನ್?" ಎಂದು ನಕ್ಕರೂ ಮಿನೆ ಒಪ್ಪಿದಳು. ಮುಂದಿನ ತಿಂಗಳ 'ಗ್ರಂಥಾಲಯ ಸುದ್ದಿ'ಯಲ್ಲಿ, ಅಕ್ಷರ ಬರೆಯುವ ತರಗತಿಗೂ ಹಿಮದಿಂದಾಗಿ ಬದಲಾದ ಬಸ್ಸಿನ ಸಮಯಕ್ಕೂ ನಡುವೆ ಅವಳ ಹೆಸರು ಅಚ್ಚಾಯಿತು. ಒಂದೇ ಹಾಳೆಯ ಆ ಸುದ್ದಿಪತ್ರವನ್ನು ನಮ್ಮಲ್ಲಿ ಅಂಚೆ ಕಚೇರಿ, ಸ್ನಾನದ ಮನೆ, ಕ್ಷೌರದಂಗಡಿ, ಎಲ್ಲಾ ಕಡೆ ಅಂಟಿಸುತ್ತಾರೆ. ಮಿನೆ ಊರಿಗೆಲ್ಲ ಹೆಸರಾದಳು.

ಎದುರು ಕೂತು ಹೂಂಗುಟ್ಟಲು ಒಬ್ಬರು ಬೇಕಿತ್ತು. ಸೋಯಾ ಹಾಲು ಒಡೆಸಿ, ಕಲ್ಲು ಹೇರಿ ನೀರು ಬಸಿದು ತೋಫು ಮಾಡಿ ಮಾರುವ ವಿಧವೆ ತೋಮಿಯನ್ನು ಮಿನೆಯೇ ಕರೆದುಕೊಂಡು ಹೋದಳು. ಅವಳ ಹೂಂ ಅಂದರೆ ಏನು ಕೇಳುತ್ತೀರಿ! ನರಿ ಬಂದರೆ ಒಂದು ಹೂಂ, ದೆವ್ವ ಬಂದರೆ ಇನ್ನೊಂದು, ಅತ್ತೆ ಬಂದರೆ ಮತ್ತೊಂದು. ಜನ ಅರ್ಧ ನಗುತ್ತಿದ್ದದ್ದೇ ಅವಳಿಂದ. ಶಾಖೆ ಶಾಖೆಯಲ್ಲೂ ಇಬ್ಬರೂ ಮಕ್ಕಳಿಗೆ ಹೂಂಗುಟ್ಟುವುದನ್ನು ಕಲಿಸಿದರು. "ದೊಡ್ಡೋರು ಮರೆತ್ರೂ ನೀವು ಬಿಡ್ಬಾರ್ದು. ಬಿಟ್ರೆ ಕಥೆ ಸತ್ತು ಹೋಗುತ್ತೆ" ಎಂದು ಮಿನೆ ಕಣ್ಣರಳಿಸಿ ಹೆದರಿಸುತ್ತಿದ್ದಳು.

ಒಂದು ಚಳಿಗಾಲ ಪುಸ್ತಕದ ಬಸ್ಸು ಘಟ್ಟದ ಮೇಲೆ ಹಿಮದಲ್ಲಿ ಹೂತುಹೋಯಿತು. ಚಾಲಕ ಸಹಾಯ ಕರೆತರಲು ಇಳಿದು ಹೋದ. ಹೆಂಗಸರಿಬ್ಬರೇ ಒಂದು ಕಂಬಳಿಯೊಳಗೆ ಸೇರಿಕೊಂಡು ಉಪ್ಪು ಮೂಲಂಗಿ ಕಡಿಯುತ್ತಾ ಕೂತರು. ಕಿಟಕಿಯಾಚೆ ಘಟ್ಟದ ಕಲ್ಲುದೇವರು ಕುತ್ತಿಗೆಯವರೆಗೆ ಮುಚ್ಚಿಹೋಗಿತ್ತು. ಅದನ್ನು ನೋಡಿ ಮಿನೆಗೆ ತಡೆಯಲಾಗಲಿಲ್ಲ. ಅತ್ತೆ ಸಾಯುವ ಮುಂಚೆ ಅವಳೊಬ್ಬಳಿಗೇ ಹೇಳಿದ್ದ ಒಂದು ಕಥೆ ಇತ್ತು. ಬೆಳೆ ಕಾಳು ಕಟ್ಟದ ವರ್ಷ ಒಬ್ಬ ತಾಯಿ ತನ್ನ ಮಗಳನ್ನು ಘಟ್ಟದ ಕಲ್ಲುದೇವರ ಬಳಿ ನರಿಗೆ ಕೊಟ್ಟು, ಒಂದು ಮೂಟೆ ಅಕ್ಕಿ ಹೊತ್ತು ತಂದ ಕಥೆ. ಚಳಿ ಮುಗಿದು ಪ್ಲಮ್ ಹೂ ಬಿಡುವಾಗ ಕರಕೊಂಡು ಹೋಗಲು ಬರುತ್ತೇನೆ ಅಂದಿದ್ದಳು ತಾಯಿ. ಹೋಗಲಿಲ್ಲ.

ನರಿಯೆಂದರೆ ಹುಡುಗಿಯರನ್ನು ಕೊಳ್ಳುವ ಪಟ್ಟಣದ ದಲ್ಲಾಳಿ. ತಾಯಿ ಇಶಿ. ಹುಡುಗಿ ಅವಳ ಹಿರಿ ಮಗಳು ಕಿಸಾ. ಆ ಅಕ್ಕಿಯ ಗಂಜಿ ಕುಡಿದು ಬದುಕಿದ ತಮ್ಮನೇ ಯೊಸಾಕು, ಮಿನೆಯ ಗಂಡ. ಅಕ್ಕ ಜ್ವರ ಬಂದು ಸತ್ತಳೆಂದು ನಂಬಿ, ಪ್ರತಿ ವರ್ಷ ಮನೆಯ ಬುದ್ಧನ ಗೂಡಿನ ಮುಂದೆ ಅವಳ ಹೆಸರಲ್ಲಿ ಅನ್ನ ಇಡುವವನು ಅವನು.

ಇದನ್ನು ಸುಮ್ಮನೆ ಮಾತಾಗಿ ಹೇಳಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಮಿನೆಯ ಬಾಯಿಗೆ ಬೇರೆ ದಾರಿ ಗೊತ್ತಿರಲಿಲ್ಲ. "ಒಂದಾನೊಂದು ಕಾಲ್ದಲ್ಲಿ" ಎಂದೇ ಶುರು ಮಾಡಿದಳು. ತೋಮಿ ಅಭ್ಯಾಸಬಲದಿಂದ ಕೊನೆಯವರೆಗೂ ಹೂಂಗುಟ್ಟಿದಳು. ಮುಗಿದ ಮೇಲೆ ಇಬ್ಬರೂ ಅತ್ತರು.

"ಇದು ನಿನ್ನ ಹೊಟ್ಟೇಲೇ ಇರ್ಲಿ ತೋಮಿ. ನಮ್ಮನೆಯವ್ರಿಗೆ ಗೊತ್ತಾದ್ರೆ ತಡ್ಕೊಳಲ್ಲ."

"ಅಯ್ಯೋ ಅಕ್ಕಾ, ಯಾರ ಹತ್ರ ಹೇಳ್ತಿದೀಯ? ತೋಫು ಮೇಲೆ ಕಲ್ಲು ಹೇರಿದ ಹಾಗೆ ಹೇರಿಟ್ಟೆ ಅಂತ ತಿಳ್ಕೊ."

ಕಲ್ಲು ಹೇರಿದರೆ ನೀರು ಸೋರಿಯೇ ಸೋರುತ್ತದೆ ಎನ್ನುವುದು ತೋಫು ಮಾಡುವವಳಿಗೆ ಗೊತ್ತಿರಬೇಕಿತ್ತು.

ಮರುವರ್ಷ ಶರತ್ಕಾಲದಲ್ಲಿ ಸುಗವಾ ಏಳು ಶಾಖೆಗಳ ಕಥಾಹಬ್ಬ ಇಟ್ಟ. ಯಾವ ಪುಸ್ತಕದಲ್ಲೂ ಇಲ್ಲದ ಕಥೆ ಬೇಕು ಅಂದ. ತೋಮಿ ಮಿನೆಯ ಕೈ ಹಿಡಿದು ಕೇಳಿಕೊಂಡಳು: "ಅಕ್ಕಾ, ಬರೀ ಹೂಂ ಹೂಂ ಅಂದೇ ಕೂದಲು ನೆರೆಯಿತು. ಒಂದ್ಸಲ ನಾನು ಹೇಳ್ಲಾ? ನೀನು ಎದುರಿಗೆ ಕೂತ್ಕೊ."

"ಹೇಳೇ ಮಾರಾಯ್ತಿ, ಕೇಳೋದೇನು!" ಮಿನೆಗೆ ನಿಜವಾಗಿಯೂ ಸಂತೋಷವಾಯಿತು. ಯಾವ ಕಥೆ ಎಂದು ಕೇಳಲೂ ಇಲ್ಲ. ತೋಮಿಯ ತವರಿನ ಕಡೆಯದು ಇರಬೇಕು ಅಂದುಕೊಂಡಳು. 'ಗ್ರಂಥಾಲಯ ಸುದ್ದಿ'ಯಲ್ಲಿ ಬಂತು: 'ಯಾರೂ ಕೇಳಿರದ ಘಟ್ಟದ ಕಥೆ. ಹೇಳುವವರು ತೋಮಿ. ಹೂಂಗುಟ್ಟುವವರು ಮಿನೆ.' ಕ್ಷೌರದಂಗಡಿಯಲ್ಲಿ ಅದನ್ನು ಓದಿ ಯೊಸಾಕು ಮನೆಗೆ ಬಂದವನೇ ಒಳ್ಳೆಯ ಕೋಟು ಹುಡುಕಿದ.

"ನೀವೂ ಬರ್ತೀರಾ?" ಮಿನೆ ಬೆರಗಾದಳು. ಇಷ್ಟು ವರ್ಷ ಅವನು ಒಂದು ಕಾರ್ಯಕ್ರಮಕ್ಕೂ ಬಂದವನಲ್ಲ.

"ನೀನು ಮಾತಾಡೋದನ್ನ ದಿನಾ ಕೇಳ್ತೀನಿ. ನೀನು ಬಾಯಿ ಮುಚ್ಕೊಂಡು ಬರೀ ಹೂಂ ಅನ್ನೋದನ್ನ ಒಂದ್ಸಲ ನೋಡ್ಬೇಕಲ್ಲ," ಎಂದ ಯೊಸಾಕು.

ಕೇಂದ್ರ ಗ್ರಂಥಾಲಯದ ಸಭಾಂಗಣ ತುಂಬಿತ್ತು. ಕಪ್ಪು ಪರದೆ ಎಳೆದಿದ್ದರು. ಮುಂದೆ ಚಾಪೆಯ ಮೇಲೆ ಮಕ್ಕಳು, ಹಿಂದೆ ಕುರ್ಚಿಗಳಲ್ಲಿ ದೊಡ್ಡವರು, ಮೂರನೆಯ ಸಾಲಿನ ತುದಿಯಲ್ಲಿ ಯೊಸಾಕು. ಮಗುವಾಗಿದ್ದಾಗ ಒಲೆಗೆ ಬಿದ್ದು ಮುರುಟಿಹೋದ ಅವನ ಎಡಗಿವಿ ದೀಪದ ಬೆಳಕಿಗೆ ಹೊಳೆಯುತ್ತಿತ್ತು.

"ಒಂದಾನೊಂದು ಕಾಲ್ದಲ್ಲಿ, ಬೇಸಿಗೆಯೇ ಬರದ ಒಂದು ವರ್ಷ," ಎಂದಳು ತೋಮಿ.

"ಹೂಂ," ಎಂದಳು ಮಿನೆ.

"ಗದ್ದೆಯೆಲ್ಲ ಬರೀ ಜೊಳ್ಳು. ಒಂದು ಮನೇಲಿ ಒಬ್ಳು ತಾಯಿ, ಒಬ್ಳು ಮಗಳು, ಒಬ್ಬ ಪುಟ್ಟ ಮಗ."

"ಹೂಂ."

"ಘಟ್ಟದ ಕಲ್ಲುದೇವರ ಹತ್ರ ಒಂದು ನರಿ ಅಕ್ಕಿ ಮೂಟೆ ಇಟ್ಕೊಂಡು ಕೂತಿತ್ತು."

ಮಿನೆ ಹೂಂ ಅನ್ನಲಿಲ್ಲ. ತೋಮಿಯ ಕಣ್ಣನ್ನೇ ನೋಡಿ ತಲೆಯಾಡಿಸಿದಳು. ಬೇಡ. ಎದ್ದು ಕಿರುಚಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕಿರುಚಿದ್ದರೆ ಕಥೆ ಯಾರ ಮನೆಯದೆಂದು ಏಳೂ ಶಾಖೆಗೆ ಡಂಗುರ ಸಾರಿದಂತಾಗುತ್ತಿತ್ತು. ಅವಳ ಕೈಲಿದ್ದದ್ದು ಒಂದೇ, ಮೌನ. ಕಟ್ಟಳೆಯ ಪ್ರಕಾರ ಅಷ್ಟು ಸಾಕು, ಹೂಂ ಇಲ್ಲದಿದ್ದರೆ ಕಥೆಯಿಲ್ಲ. ತೋಮಿಗೆ ಅದು ಗೊತ್ತಿತ್ತು. ಅವಳ ತೆರೆದ ಬಾಯಿ ಹಾಗೇ ನಿಂತಿತು. ಇನ್ನೊಂದು ಗಳಿಗೆ ಕಳೆದಿದ್ದರೆ ತಲೆಬಾಗಿ ಎದ್ದುಬಿಡುತ್ತಿದ್ದಳೇನೋ.

"ಹೂಂ!" ಎಂದಿತು ಮುಂದೆ ಕೂತ ಒಂದು ಮಗು.

ಅದರ ಪಕ್ಕದ್ದೂ ಅಂದಿತು. ಆಮೇಲೆ ಏಳು ಶಾಖೆಗಳ ಮಕ್ಕಳೂ ಒಟ್ಟಿಗೆ, ಎದೆ ತುಂಬಿ, "ಹೂಂ!" ಎಂದರು. ಅಜ್ಜಿ ಮರೆತಳು, ಕಥೆ ಸಾಯಬಾರದು ಎಂದು ಮಿನೆಯ ಕಡೆ ತಿರುಗಿ ಹೆಮ್ಮೆಯಿಂದ ನೋಡಿದರು. ದೊಡ್ಡವರು ನಕ್ಕು ದನಿಗೂಡಿಸಿದರು. ತೋಮಿಗೆ ಮತ್ತೆ ಉಸಿರು ಬಂತು, ಅವಳು ಮಿನೆಯಿಂದ ಕಣ್ಣು ಕಿತ್ತು ಮಕ್ಕಳ ಕಡೆ ತಿರುಗಿ ಕೂತಳು.

ಮಿನೆ ಹೇಳಿದ್ದರಲ್ಲಿ ಒಂದನ್ನೂ ಅವಳು ಬಿಟ್ಟಿರಲಿಲ್ಲ. "ಒಲೆಗೆ ಬಿದ್ದು ಕಿವಿ ಸುಟ್ಕೊಂಡಿದ್ದ ಪುಟ್ಟ ತಮ್ಮನ ಬಾಯಿಗೆ ಅಕ್ಕ ಚೆಸ್ಟ್‌ನಟ್ ಬೀಜ ಅಗಿದು ಇಟ್ಟು, ಅಳ್ಬೇಡ, ಹೂ ಬಿಡೋ ಹೊತ್ತಿಗೆ ಬಂದ್ಬಿಡ್ತೀನಿ ಅಂದ್ಳು" ಎಂದಾಗ ಯೊಸಾಕುವಿನ ಕೈ ನಿಧಾನವಾಗಿ ಕಿವಿಗೆ ಹೋಯಿತು. ಹಾಗೇ ಅಲ್ಲೇ ಉಳಿಯಿತು. ಮಕ್ಕಳು ಹೂಂ ಅನ್ನುತ್ತಲೇ ಇದ್ದರು.

ಚಪ್ಪಾಳೆ ನಿಲ್ಲಲಿಲ್ಲ. ಇದನ್ನು ಧ್ವನಿಮುದ್ರಿಸಿ ಎಲ್ಲ ಶಾಖೆಗಳಿಗೂ ಕಳಿಸುತ್ತೇನೆಂದು ಸುಗವಾ ಕುಣಿದಾಡುತ್ತಿದ್ದ. ಚಪ್ಪಲಿ ಗೂಡಿನ ಹತ್ತಿರ ಮಿನೆ ತೋಮಿಯನ್ನು ತಡೆದಳು.

"ಎಂಥ ಕೆಲ್ಸ ಮಾಡ್ದೆ."

"ನೀನೇ 'ಒಂದಾನೊಂದು ಕಾಲ್ದಲ್ಲಿ' ಅಂದಿದ್ದು ಅಕ್ಕಾ. ನಾನು ಕೊನೇವರೆಗೂ ಹೂಂ ಅಂದೆ. ಕಥೆ ನನ್ನ ಪಾಲಿಗೆ ಬಂತು." ತೋಮಿ ಗೂಡಿನಿಂದ ಚಪ್ಪಲಿ ತೆಗೆದಳು. "ನಿಮ್ಮ ಯಜಮಾನ್ರು ಯಾವತ್ತೂ ಬರೋರಲ್ವಲ್ಲ... ಬರ್ತಾರೆ ಅಂತ ನಂಗೇನು ಗೊತ್ತು?"

"ಮಾತು ಕೊಟ್ಟಿದ್ದೆ."

"ಕೊಟ್ಟಿದ್ದೆ. ಆದ್ರೆ ಅಕ್ಕಾ, ನನ್ನ ಹತ್ರ ಬೇರೆ ಕಥೆ ಎಲ್ಲಿತ್ತು? ಇದ್ದದ್ದೆಲ್ಲ ನಿಂದೇ."

ಅದು ನಿಜ. ನಿಜವಾದ್ದರಿಂದಲೇ ಮಿನೆಗೆ ಇನ್ನೂ ಉರಿಯಿತು. ನಂಬಿ ಪಕ್ಕದಲ್ಲಿ ಕೂರಿಸಿಕೊಂಡವಳೇ ಅನ್ನದ ತಟ್ಟೆಗೆ ಮಣ್ಣು ಹಾಕಿದ್ದಳು. ಮಿನೆ ಪುಸ್ತಕದ ಬಸ್ಸು ಹತ್ತಲಿಲ್ಲ. ಗಂಡನೊಡನೆ ಊರಿನ ಸಾಮಾನ್ಯ ಬಸ್ಸಿಗೆ ಕಾದಳು.

ಬಸ್ಸು ಖಾಲಿಯಿತ್ತು. ಯೊಸಾಕು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಗದ್ದೆಗಳಲ್ಲಿ ಕೊಯ್ದ ಭತ್ತ ಕಂಬಗಳ ಮೇಲೆ ಒಣಗುತ್ತಿತ್ತು. ಹೊರಗೇ ನೋಡುತ್ತಾ ಕೇಳಿದ.

"ಅಮ್ಮ ಹೇಳಿದ್ಳಾ ನಿಂಗೆ?"

"ಸಾಯೋ ಮುಂಚೆ."

"ಅಕ್ಕ ಆಮೇಲೆ ಏನಾದ್ಳು?"

"ಅತ್ತೆಗೂ ಗೊತ್ತಿರ್ಲಿಲ್ಲ."

ಅವನು ತಲೆಯಾಡಿಸಿದ. ಮಿನೆಗೆ ಒಳಗಿನದೆಲ್ಲ ಉಕ್ಕಿ ಬಂತು. "ಆ ತೋಮಿ ನೋಡ್ರೀ, ಒಡಹುಟ್ಟಿದವಳ ಹಾಗೆ ನಂಬಿದ್ದೆ. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟು, ಹೀಗೆ ಬೆನ್ನಿಗೆ ಇರಿದ್ಬಿಟ್ಳು..."

ಯೊಸಾಕು ಆಗ ಅವಳ ಕಡೆ ತಿರುಗಿದ. ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವಳಿಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

"ತೋಮಿಗೆ ಹೇಳ್ದೆ ನೀನು," ಎಂದ. "ನಂಗೆ ಹೇಳ್ಲಿಲ್ಲ."

ಆಮೇಲೆ ಎದ್ದು, ಹಿಂದಿನ ಸಾಲಿಗೆ ಹೋಗಿ ಒಬ್ಬನೇ ಕೂತ.