ಕಾರ್ಬುರೇಟರಿಗೆ ಕಟ್ಟದ ಬಟ್ಟೆ

ಶನಿವಾರ ಮಧ್ಯಾಹ್ನ ಚನ್ನಗಿರಿಯ ಬಸ್ಸು ಹೊನ್ನಾಳಿ ನಿಲ್ದಾಣಕ್ಕೆ ಬರುತ್ತಿದ್ದುದು ಒಂದು ಮುಕ್ಕಾಲಿಗೆ. ನ್ಯಾಮತಿಯ ಬಸ್ಸು ಅಲ್ಲಿಂದ ಹೊರಡುತ್ತಿದ್ದುದು ಎರಡು ಗಂಟೆ ಮೂರು ನಿಮಿಷಕ್ಕೆ. ನಡುವೆ ಹದಿನೆಂಟು ನಿಮಿಷ. ಎಂಬತ್ತರ ದಶಕದ ನಡುವಿನ ಒಂದು ವರ್ಷ ನಾನು ಬದುಕಿದ್ದೇ ಆ ಹದಿನೆಂಟು ನಿಮಿಷಕ್ಕಾಗಿ. ಉಳಿದ ವೇಳೆಯಲ್ಲಿ ಜಗಳೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದೆ.

ನನಗೆ ಮದುವೆ ಗೊತ್ತಾಗಿತ್ತು. ಹುಡುಗಿ ಚನ್ನಗಿರಿಯ ಶಾಲೆಯಲ್ಲಿ ಮೇಡಂ, ಊರು ನ್ಯಾಮತಿ. ವಾರವಿಡೀ ಸೋದರತ್ತೆಯ ಮನೆಯಲ್ಲಿದ್ದು, ಶನಿವಾರ ಬೆಳಗಿನ ಶಾಲೆ ಮುಗಿಸಿ ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ ಮನೆಗೆ ಹೋಗುತ್ತಿದ್ದಳು. ನಿಶ್ಚಯವಾದ ಮೇಲೆ ಮದುವೆಯ ತನಕ ಹುಡುಗ ಹುಡುಗಿ ಭೇಟಿಯಾಗುವುದು ಎರಡೂ ಮನೆಗಳಿಗೆ ಒಗ್ಗುವ ಮಾತಾಗಿರಲಿಲ್ಲ. ಕಾಗದ ಬರೆದರೆ ಸೋದರತ್ತೆಯ ಮನೆಯಲ್ಲಿ ಎಲ್ಲರೂ ಓದಿ ಮುಗಿಸಿ ಆಮೇಲೆ ಅವಳಿಗೆ ಕೊಡುತ್ತಿದ್ದರು. ಆದರೆ ಬಸ್ ನಿಲ್ದಾಣದಲ್ಲಿ ಅಕಸ್ಮಾತ್ ಎದುರಾಗುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಜಗಳೂರಿನಿಂದ ತೊಂಬತ್ತು ಕಿಲೋಮೀಟರ್ ದೂರ ಪ್ರತಿ ಶನಿವಾರವೂ ಅಕಸ್ಮಾತ್ ಆಗಿ ಬರುವುದು ಹೇಗೆ ಎಂಬುದಷ್ಟೇ ಪ್ರಶ್ನೆ.

ಅದಕ್ಕೆಂದೇ ಸೆಕೆಂಡ್ ಹ್ಯಾಂಡಿನ ಒಂದು ಟೂ ಸ್ಟ್ರೋಕ್ ಮೋಟರ್ ಸೈಕಲ್ ಕೊಂಡಿದ್ದೆ. ನನ್ನಂಥ ಅಂಜುಬುರುಕ ಅದನ್ನು ಕೊಂಡದ್ದೇ ಸುದ್ದಿಯಾಗಿತ್ತು. ಗಾಡಿಯ ಪಕ್ಕದ ಡಬ್ಬಿಯಲ್ಲಿ ಮೂರು ಸ್ಪಾರ್ಕ್ ಪ್ಲಗ್ಗು, ಎರಡು ಕ್ಲಚ್ ಕೇಬಲ್ಲು, ಚೈನಿನ ಕೊಂಡಿ, ತಲೆನೋವಿನ ಮಾತ್ರೆ ಇಟ್ಟುಕೊಂಡೇ ಹೊರಡುತ್ತಿದ್ದೆ. ಹನ್ನೊಂದೂವರೆಗೆ ಶಾಲೆ ಬಿಟ್ಟರೆ ಬಿಳಿಚೋಡು, ದಾವಣಗೆರೆ ಹಾದು, ಭದ್ರಾ ನಾಲೆಯ ಹಸಿರು ದಾಟಿ ಹೊನ್ನಾಳಿ ಹೊಳೆಯ ಸೇತುವೆಗೆ ಬರುವಷ್ಟರಲ್ಲಿ ಎರಡು ಗಂಟೆ ಐದು ನಿಮಿಷ. ಸತತ ನಾಲ್ಕು ಶನಿವಾರ ನಾನು ನೋಡಿದ್ದು ನ್ಯಾಮತಿ ಬಸ್ಸಿನ ಬೆನ್ನು. ಐದನೆಯ ಸಲ ಬೆನ್ನೂ ಇರಲಿಲ್ಲ, ಬರೀ ಹೊಗೆ ಇತ್ತು.

ಜಗಳೂರಿನಲ್ಲಿ ಬಸ್ ನಿಲ್ದಾಣದ ಹಿಂದೆ ಒಬ್ಬ ಮೆಕ್ಯಾನಿಕ್ ಇದ್ದರು. ಎಲ್ಲರೂ ಸಾಬರು ಎಂದೇ ಕರೆಯುತ್ತಿದ್ದರು. ಅವರು ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಡಾಕ್ಟರರ ಹಾಗೆ ಕಣ್ಣು ಮುಚ್ಚುತ್ತಿದ್ದರು.

"ಸಾಬ್ರೆ, ಇಪ್ಪತ್ತು ನಿಮಿಷ ಬೇಕು" ಎಂದೆ.

"ಕೂತ್ಕಳ್ರಿ, ಹತ್ತು ನಿಮಿಷದಾಗೆ ಮುಗಿಸ್ತೀನಿ."

"ಅದಲ್ಲ. ಹೊನ್ನಾಳಿಗೆ ಇಪ್ಪತ್ತು ನಿಮಿಷ ಮುಂಚೆ ಮುಟ್ಟಬೇಕು."

ಅವರು ಸ್ಕ್ರೂಡ್ರೈವರ್ ಕೆಳಗಿಟ್ಟು ನನ್ನನ್ನು ನೋಡಿದರು. "ಹೆಣ್ಣಿನ ಕಡೆಯೋರು ಹೊನ್ನಾಳಿಯೋರೇನು ಮೇಷ್ಟ್ರೆ?"

ನಾನು ಚೈನು ನೋಡುವವನ ಹಾಗೆ ಬಗ್ಗಿದೆ. ಸಾಬರಿಗೆ ಅಷ್ಟೇ ಸಾಕಾಯಿತು. ಗಾಳಿ ಸೋಸುವ ಫಿಲ್ಟರಿನ ಡಬ್ಬಿ ಬಿಚ್ಚಿ ಪಕ್ಕಕ್ಕೆ ಎಸೆದರು. "ಮೂಗಿಗೆ ಕಂಬಳಿ ಹೊದಿಸಿ ಓಡು ಅಂದ್ರೆ ಹೆಂಗೆ ಓಡ್ತೈತೆ ಹೇಳ್ರಿ? ಇದಕ್ಕೆ ಉಸಿರು ಸಾಲ್ತಿಲ್ಲ. ಪರದೇಶದಾಗೆ ಗಾಳೀನ ಪಂಪಿನಾಗೆ ಒತ್ತಿ ಇಂಜಿನ್ನಿನೊಳಗೆ ತುರುಕ್ತಾರಂತೆ, ಟರ್ಬೊ ಅಂತಾರೆ. ನಾವು ಅಷ್ಟೆಲ್ಲಾ ಮಾಡಾಕೆ ಆಗಲ್ಲ. ಬಾಗಿಲು ತೆಗೆದು ಬಿಡೋಣ, ಬರೋವಷ್ಟು ಗಾಳಿ ಬರ್ಲಿ."

ತಗಡಿನ ಕೆಲಸದವನಿಂದ ಸೀಮೆಎಣ್ಣೆ ಲಾಳಿಕೆಯ ಆಕಾರದ ಒಂದು ಹಿತ್ತಾಳೆಯ ಬಾಯಿ ಮಾಡಿಸಿ, ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬುರೇಟರಿಗೆ ಕೂರಿಸಿದರು. ಗಾಳಿ ಹೆಚ್ಚಾದರೆ ಪೆಟ್ರೋಲೂ ಹೆಚ್ಚಬೇಕೆಂದು ಒಳಗೆ ಪೆಟ್ರೋಲು ಹಾಯುವ ಜೆಟ್ಟಿನ ತೂತು ಕೂದಲೆಳೆಯಷ್ಟು ದೊಡ್ಡದು ಮಾಡಿದರು. ಬಿಳಿಚೋಡಿನವರೆಗೆ ಓಡಿಸಿಕೊಂಡು ಬರ್ರಿ ಎನ್ನುವುದು, ಪ್ಲಗ್ ಬಿಚ್ಚಿ ಬಣ್ಣ ನೋಡುವುದು, ಸ್ಕ್ರೂ ಕಾಲು ಸುತ್ತು ತಿರುಗಿಸುವುದು. ಹೀಗೆ ಮೂರು ಸಂಜೆ. ಪ್ಲಗ್ಗಿನ ತುದಿ ಕಾಫಿಪುಡಿಯ ಬಣ್ಣಕ್ಕೆ ಬಂದ ದಿನ, ಅಂದರೆ ಗಾಳಿ ಪೆಟ್ರೋಲು ಹದಕ್ಕೆ ಬಂದ ದಿನ, ಸಾಬರು ಒಂದೇ ಒಂದು ಎಚ್ಚರಿಕೆ ಹೇಳಿದರು: "ಈ ಬಾಯಿಗೆ ತೆಳ್ಳನೆ ಹತ್ತಿ ಬಟ್ಟೆ ಎರಡು ಪದರ ಕಟ್ರಿ. ಎಣ್ಣೆಯಾಗೆ ಅದ್ದಿ ಹಿಂಡಿ ಕಟ್ರಿ, ಧೂಳು ಅದಕ್ಕೆ ಅಂಟ್ಕಂತೈತೆ. ನಮ್ಮ ಜಗಳೂರು ಮಣ್ಣು ಒಳಗೆ ಹೋದ್ರೆ ಇಂಜಿನ್ ಸಾಣೆ ಹಿಡಿದಂಗೆ ಸವೀತೈತೆ."

ಆ ಶನಿವಾರ ಸೇತುವೆ ದಾಟಿದಾಗ ಗಡಿಯಾರದಲ್ಲಿ ಒಂದು ನಲವತ್ತೆಂಟು. ಗಾಡಿ ಓಡುವುದಕ್ಕಿಂತ ಹೆಚ್ಚಾಗಿ ಕೂಗುತ್ತಿತ್ತು. ಗಾಳಿಯನ್ನು ಹೀರುವ ಆ ಸದ್ದು, ಬಾಯಾರಿದ ಎತ್ತು ನೀರಿನ ಬಾನಿಗೆ ಬಾಯಿ ಹಾಕಿದಂತೆ.

ಅವಳು ಬೇವಿನ ಮರದ ಕೆಳಗೆ ಚೀಲ ಹಿಡಿದು ನಿಂತಿದ್ದಳು. "ಸೇತುವೆ ಮೇಲಿದ್ದಾಗ್ಲೇ ಕೇಳ್ತು. ಯಾವುದೋ ಹಿಟ್ಟಿನ ಗಿರಣಿ ಬರ್ತೈತೆ ಅನ್ಕಂಡೆ."

"ನಿನಗೋಸ್ಕರ ಬಿಚ್ಚಿಸಿದ್ದು" ಎಂದೆ. ಬರುವಾಗ ದಾರಿಯುದ್ದಕ್ಕೂ ತಯಾರು ಮಾಡಿದ್ದ ಮಾತು ಇದಲ್ಲ.

"ಏನು ಬಿಚ್ಚಿಸಿದ್ದು?" ಎಂದು ಅವಳು ನಕ್ಕಾಗ ಹದಿನೈದು ನಿಮಿಷದಲ್ಲಿ ಆರು ನಿಮಿಷ ಕಾರ್ಬುರೇಟರ್ ಬಗ್ಗೆ ಪಾಠ ಮಾಡಿದೆ. ಜೆಟ್ಟು, ಗಾಳಿ, ಧೂಳು, ಎಣ್ಣೆಯಲ್ಲಿ ಅದ್ದಿದ ಬಟ್ಟೆ, ಎಲ್ಲ. ಅವಳು ತರಗತಿಯ ಜಾಣ ಹುಡುಗಿಯ ಹಾಗೆ ಕೇಳಿಸಿಕೊಂಡಳು. ನ್ಯಾಮತಿ ಬಸ್ಸಿನ ಕಂಡಕ್ಟರ್ ಅವಳ ಊರಿನವನೇ. ಊರಿನ ಲೆಕ್ಕದಲ್ಲಿ ತಮ್ಮ. ಮೆಟ್ಟಿಲ ಮೇಲೆ ನಿಂತು, "ಭಾವಾರೆ, ಪಾಠ ಮುಗೀತಾ? ರೈಟ್ ಹೇಳ್ಲಾ?" ಎಂದು ಕೂಗಿದ. ಬಸ್ಸಿನ ಕಿಟಕಿಗಳೆಲ್ಲ ನನ್ನ ಕಡೆ ತಿರುಗಿದವು.

ಮುಂದಿನ ಶನಿವಾರ ಅವಳು ಕಾಗದದಲ್ಲಿ ಸುತ್ತಿದ್ದ ಏನನ್ನೋ ಕೈಗಿಟ್ಟಳು. ತನ್ನ ಹಳೆಯ ಬಿಳಿ ವಾಯಿಲ್ ಸೀರೆಯಿಂದ ಕತ್ತರಿಸಿದ ಬಟ್ಟೆ. ಕೊಡದ ಬಾಯಿಗೆ ನೀರು ಸೋಸಲು ಕಟ್ಟುತ್ತಾರಲ್ಲ, ಹಾಗೆ ದುಂಡಗೆ, ಎರಡು ಪದರ. ಅಂಚಿಗೆ ಹಸಿರು ದಾರದ ಹೊಲಿಗೆ, ಬಿಗಿಯಲು ಲಾಡಿ. "ನೀರು ಸೋಸಿ ಕುಡಿಯೋರು ನಾವು. ನಿಮ್ಮ ಗಾಡಿ ಮಣ್ಣು ಕುಡಿದ್ರೆ ಹೆಂಗೆ? ಮರೀದಂಗೆ ಕಟ್ರಿ."

ಕಟ್ಟಲೆಂದೇ ಆ ಸಂಜೆ ಕೂತೆ. ಬಟ್ಟಲಲ್ಲಿ ಎಣ್ಣೆ ಇತ್ತು. ಬಟ್ಟೆಯನ್ನು ಮೂಗಿನ ಹತ್ತಿರ ತಂದೆ: ಸೋಪಿನ ವಾಸನೆ, ಬೀರುವಿನಲ್ಲಿ ಬಹಳ ದಿನ ಮಡಿಸಿಟ್ಟ ವಾಸನೆ. ಅವಳು ಉಟ್ಟ ಸೀರೆ. ಅವಳ ಬಳಿಯಿಂದ ನನಗೆ ಬಂದಿದ್ದು ಅದೊಂದೇ. ಅದನ್ನು ಇಂಜಿನ್ ಎಣ್ಣೆಯಲ್ಲಿ ಅದ್ದುವುದೆಂದರೆ! ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡೆ.

ಬೇರೆ ಬಟ್ಟೆ ಕಟ್ಟಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಈಗ ನನಗೂ ಹಾಗೇ ಅನ್ನಿಸುತ್ತದೆ. ಆಗ, ಅವಳು ಹೊಲಿದದ್ದನ್ನು ಜೇಬಲ್ಲಿಟ್ಟುಕೊಂಡು ಗಾಡಿಗೆ ಪಂಚೆಯ ತುಂಡು ಕಟ್ಟುವುದು ದ್ರೋಹದ ಹಾಗೆ ಕಂಡಿತ್ತು. ಜೊತೆಗೆ, ಬಟ್ಟೆ ಕಟ್ಟಿದರೆ ಎರಡು ನಿಮಿಷ ತಡವಾದೀತು ಎಂಬ ಹೆದರಿಕೆ ಬೇರೆ.

"ಕಟ್ಟೀರೇನು?" ಎಂದು ಪ್ರತಿ ಶನಿವಾರ ಕೇಳುತ್ತಿದ್ದಳು.

"ಹೂಂ" ಎನ್ನುತ್ತಿದ್ದೆ. ಜೇಬಿನ ಮೇಲೆ ಕೈ ಹೋಗುತ್ತಿತ್ತು.

ಹೀಗೆ ಏಳೆಂಟು ಶನಿವಾರ ಕಳೆದವು. ಏನು ಮಾತಾಡಿದೆವು ಎಂದು ಈಗ ನೆನೆದರೆ ನಗು ಬರುತ್ತದೆ. ಅವಳ ಶಾಲೆಯ ಗಂಟೆ ಬಿರುಕು ಬಿಟ್ಟಿದ್ದು, ನನ್ನ ಹೆಡ್ ಮಾಸ್ಟರ ಗೊರಕೆ. ಆದರೂ ಉಳಿದ ಆರು ದಿನ ಅದನ್ನೇ ಮತ್ತೆ ಮತ್ತೆ ಮೆಲುಕು ಹಾಕುತ್ತಿದ್ದೆ.

ಪರೀಕ್ಷೆಗಳು ಮುಗಿಯುವ ಹೊತ್ತು. ಇನ್ನೊಂದೇ ಶನಿವಾರ, ಆಮೇಲೆ ಬೇಸಿಗೆ ರಜೆ, ಅವಳು ಊರಲ್ಲೇ ಇರುತ್ತಾಳೆ, ಅದರ ಹಿಂದೆಯೇ ಮದುವೆ. ಬಸ್ಸಿನ ಮೆಟ್ಟಿಲು ಹತ್ತುತ್ತಾ ಅವಳು ತಿರುಗಿ ನಿಂತು ಹೇಳಿದಳು, "ಬರೋ ವಾರ ತಡ ಮಾಡ್ಬ್ಯಾಡ್ರಿ. ಒಂದು ಮಾತು ಹೇಳಾದೈತೆ."

"ಈಗಲೇ ಹೇಳು."

"ಊಹೂಂ. ಬರೋ ವಾರ."

ಆ ವಾರ ನಾನು ಪಟ್ಟ ಪಾಡು ದೇವರಿಗೇ ಗೊತ್ತು. ಮದುವೆ ಬೇಡ ಎನ್ನುತ್ತಾಳೆಯೇ? ಕೆಲಸ ಬಿಡುತ್ತಾಳೆಯೇ? ನನ್ನ ಮೀಸೆ ಹಿಡಿಸಲಿಲ್ಲವೇ? ಬುಧವಾರ ಮೀಸೆ ಸಣ್ಣದು ಮಾಡಿಸಿದೆ. ಗಾಡಿಯ ಚೈನು, ಟಯರು, ಬ್ರೇಕು, ಎಲ್ಲಕ್ಕೂ ಹೆದರಿ ಎಲ್ಲವನ್ನೂ ಪರೀಕ್ಷಿಸಿದೆ. ಕಿಕ್ಕರ್ ಮೊದಲಿನಷ್ಟು ಗಡುಸಾಗಿಲ್ಲ, ಬೆಣ್ಣೆಗೆ ಕಾಲಿಟ್ಟ ಹಾಗೆ ಇಳಿಯುತ್ತಿದೆ ಎಂಬುದೊಂದು ಮಾತ್ರ ಗಮನಕ್ಕೆ ಬಂದರೂ, ಕಾಲಿಗೆ ಬಲ ಬಂದಿರಬೇಕು ಎಂದುಕೊಂಡೆ. ಹೆದರುವುದರಲ್ಲಿ ನಾನು ಎಂದೂ ಸೋಮಾರಿಯಲ್ಲ. ಆದರೆ ಹೆದರಬೇಕಾದದ್ದಕ್ಕೆ ಸರಿಯಾಗಿ ಹೆದರಿದ್ದು ಮಾತ್ರ ಇಲ್ಲ.

ಆ ಶನಿವಾರ ಬಿಳಿಚೋಡು ದಾಟಿದ ಮೇಲಿನ ಏರಿನಲ್ಲಿ ಗಾಡಿ ಉಸಿರು ಕಟ್ಟಿಕೊಂಡು ನಿಂತಿತು. ಕುರಿಮಂದೆಯೊಂದು ರಸ್ತೆ ದಾಟುತ್ತಿತ್ತು. ಎದ್ದ ಧೂಳು ಹಿತ್ತಾಳೆಯ ಬಾಯಿಯ ಮೇಲೆ ನೆಮ್ಮದಿಯಾಗಿ ಕೂತುಕೊಂಡಿತು. ಮೂರು ಪ್ಲಗ್ಗನ್ನೂ ಬದಲಿಸಿ ನೋಡಿದೆ. ಐವತ್ತು ಸಲ ಒದ್ದೆ. ಕಿಕ್ಕರ್ ಸುಮ್ಮನೆ ಇಳಿಯುತ್ತಿತ್ತು, ಇಂಜಿನ್ನಿನೊಳಗೆ ಒತ್ತಡವೇ ಇರಲಿಲ್ಲ. ಗಾಡಿಯನ್ನು ಬಿಳಿಚೋಡಿಗೆ ತಳ್ಳಿಕೊಂಡು ಬಂದು, ಒಂದು ಅಂಗಡಿಯ ಮುಂದೆ ಬಿಟ್ಟು, ಸಿಕ್ಕ ಬಸ್ಸು ಹತ್ತಿದೆ.

ಹೊನ್ನಾಳಿ ಮುಟ್ಟಿದಾಗ ನಾಲ್ಕೂವರೆ. ಬೇವಿನ ಮರದ ಕೆಳಗೆ ಯಾರೋ ಕುಂಬಳಕಾಯಿ ರಾಶಿ ಹಾಕಿಕೊಂಡು ಕೂತಿದ್ದರು. ನ್ಯಾಮತಿಯಿಂದ ಮರಳಿ ಬಂದಿದ್ದ ಕಂಡಕ್ಟರ್ ನನ್ನ ಮುಖ ನೋಡಿ ತಮಾಷೆ ಮರೆತ.

"ಐದು ನಿಮಿಷ ಗಾಡಿ ನಿಲ್ಸಿದ್ದೆ ಭಾವಾರೆ. ಪ್ಯಾಸೆಂಜರ್‌ಗಳು ನನ್ನ ಜನ್ಮ ಜಾಲಾಡಿದ್ರು. ಕಡೀಗೆ ಅಕ್ಕಾರೇ, ಹೋಗೋಣ ರೈಟ್ ಹೇಳು ಅಂದ್ರು. ಆದ್ರೆ ಊರು ದಾಟೋ ತನಕ ಅವರ ಕಿವಿ ಸೇತುವೆ ಕಡೇನೇ ಇತ್ತು."

ಮಾರನೆಯ ವಾರ ಸಾಬರು ಇಂಜಿನ್ ಬಿಚ್ಚಿ ಪಿಸ್ಟನ್ನನ್ನು ನನ್ನ ಅಂಗೈಗಿಟ್ಟರು. ಮೈತುಂಬ ಉಗುರಿನಲ್ಲಿ ಗೀರಿದ ಹಾಗೆ ಗೆರೆ. "ಅರ್ಧ ತಾಲ್ಲೂಕಿನ ಮಣ್ಣು ಇಲ್ಲೇ ಐತೆ ನೋಡ್ರಿ. ಬಟ್ಟೆ ಕಟ್ಟಿದ್ರೇನು?"

"ಬಟ್ಟೆ ಇತ್ತು ಸಾಬ್ರೆ" ಎಂದೆ. ಅದು ಸುಳ್ಳಲ್ಲ.

ಮದುವೆಯಾಯಿತು. ಜಗಳೂರಿನಲ್ಲಿ ಸಂಸಾರ ಹೂಡಿ ನನ್ನ ಟ್ರಂಕು ಜೋಡಿಸುವಾಗ ಅವಳಿಗೆ ಆ ಬಟ್ಟೆ ಸಿಕ್ಕಿತು. ಬೆಳಕಿಗೆ ಹಿಡಿದು ನೋಡಿದಳು. ಒಂದು ಹನಿ ಎಣ್ಣೆಯ ಕಲೆ ಇಲ್ಲ.

"ಕಟ್ಟೀನಿ ಅಂತಿದ್ರಿ!"

ಇದ್ದದ್ದನ್ನು ಹೇಳಿದೆ. ಅವಳು ಬಟ್ಟೆಯನ್ನು ಇದ್ದ ಗೆರೆಗಳ ಮೇಲೆಯೇ ಮತ್ತೆ ಮಡಿಸಿದಳು. ಸಮಯ ನೋಡಿ ಕೇಳಿದೆ, "ಅವತ್ತು ಏನೋ ಹೇಳಾದೈತೆ ಅಂದಿದ್ದೆಯಲ್ಲ, ಏನದು?"

"ಮರೆತೋತು ರೀ" ಎಂದಳು. ಮರೆತವರ ಮುಖ ಹಾಗಿರುವುದಿಲ್ಲ.

ಮೂವತ್ತೈದು ವರ್ಷವಾಯಿತು. ಈಗ ಒಂದೇ ಮನೆಯಲ್ಲಿ ದಿನವಿಡೀ ಮಾತು: ಗ್ಯಾಸು ಮುಗಿಯಿತು, ನಲ್ಲಿ ಬಂತು, ಬೀಪಿ ಮಾತ್ರೆ ತಗೊಂಡ್ರಾ. ಯಾವ ಬಸ್ಸೂ ಹೊರಡುವುದಿಲ್ಲ, ಯಾರೂ ರೈಟ್ ಹೇಳುವುದಿಲ್ಲ. ಒಮ್ಮೊಮ್ಮೆ ಶನಿವಾರ ಮಧ್ಯಾಹ್ನ ಎದುರಿಗೆ ಕೂತು ಊಟ ಮಾಡುತ್ತಿರುವ ಅವಳನ್ನೇ ನೆನೆದು ನನಗೆ ಹಂಬಲವಾಗುತ್ತದೆ. ಇದನ್ನು ಯಾರಿಗೆ ಹೇಳುವುದು?

ಮೊನ್ನೆ ತಂಗಿಯ ಮಗ ಹೊಸ ಟರ್ಬೊ ಕಾರು ತೋರಿಸಲು ಬಂದಿದ್ದ. ಕಂಪನಿಯ ಫಿಲ್ಟರ್ ತೆಗೆಸಿ ಬೇರೆಯದು ಹಾಕಿಸಿದ್ದಾನೆ, ಕಂಪ್ಯೂಟರ್ ಹಚ್ಚಿ ಟ್ಯೂನ್ ಮಾಡಿಸಿದ್ದಾನೆ. ಬಾನೆಟ್ ಎತ್ತಿ, "ನೋಡಿ ಮಾವ, ಎಣ್ಣೆ ಹಚ್ಚಿದ ಹತ್ತಿ ಬಟ್ಟೆ. ಗಾಳಿ ಬಿಡುತ್ತೆ, ಧೂಳು ಬಿಡಲ್ಲ" ಎಂದ. ಹೊರಗೆ ಬಂದಿದ್ದ ಅವಳು ಬೆರಳ ತುದಿಯಿಂದ ಅದನ್ನು ಮುಟ್ಟಿ ನೋಡಿದಳು.

"ನಿಮ್ಮ ಮಾವನ ಕೈಗೆ ಕೊಡಬ್ಯಾಡಪ್ಪ. ತೊಳೆದು ಇಸ್ತ್ರಿ ಮಾಡಿ ಬೀರುನಾಗೆ ಇಡ್ತಾರೆ."

ಅವನಿಗೆ ಅರ್ಥವಾಗಲಿಲ್ಲ. ಅವನು ಕಾರಿನೊಳಗೆ ಕೂತಾಗ ನಾನು ಮೆಲ್ಲಗೆ ಕೇಳಿದೆ, "ಇವತ್ತಾದರೂ ಹೇಳು. ಅವತ್ತು ಏನು ಹೇಳಾಕೆ ಇದ್ದೆ?"

"ಅದು ಬಸ್ ಸ್ಟ್ಯಾಂಡಿನಾಗೆ ಹೇಳೋ ಮಾತು ರೀ. ಮನೇಲಿ ನಿಂತು ಹೇಳಿದ್ರೆ ಅದರಾಗೆ ಏನೂ ಇರಲ್ಲ."

ಕಾರು ಹೊರಟಿತು. ಗಾಳಿ ಹೀರುವ ಅದೇ ಸದ್ದು, ಇನ್ನೂ ದೊಡ್ಡದಾಗಿ. ಒಳಗೆ ಹೋಗುತ್ತಿದ್ದವಳು ಬಾಗಿಲಲ್ಲಿ ನಿಂತಳು. ಕಾರು ತಿರುವಿನಲ್ಲಿ ಮರೆಯಾಯಿತು, ಸದ್ದು ಸಣ್ಣಗಾಗುತ್ತಾ ಪೂರ್ತಿ ಅಡಗಿತು. ಅವಳು ಮಾತ್ರ ಸೆರಗಿನ ತುದಿ ಹಿಡಿದು, ಅವತ್ತು ಸೇತುವೆಯ ಕಡೆಗೆ ಕೊಟ್ಟಿದ್ದ ಹಾಗೆ, ಅದೇ ಕಡೆಗೆ ಕಿವಿ ಕೊಟ್ಟು ನಿಂತೇ ಇದ್ದಳು. ನಾನು ಪಕ್ಕದಲ್ಲೇ ಇದ್ದೆ. ಬಂದೆ ಎಂದು ಹೇಳೋಣ ಎನಿಸಿತು, ಹೇಳಲಿಲ್ಲ.