ಬೇಲಿ ದಾಟಿ ಬಂದ ಕರೆಂಟು

ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ನಮ್ಮ ಜಗಲಿಯ ಫ್ಯಾನು ತಾನಾಗಿ ತಿರುಗತೊಡಗಿತು. ಜಗಲಿಯಲ್ಲಿದ್ದವರಿಗೆಲ್ಲ ಸಂತೋಷವಾಯಿತು. ಆಗದೇ ಇದ್ದದ್ದು ಒಬ್ಬನಿಗೆ ಮಾತ್ರ. ಅವನು ಮನೆ ಹಿಂದಿನ ಕಂಬದ ಮೇಲಿದ್ದ.

ನಮ್ಮೂರು ಮಂಕಿಯಲ್ಲಿ ನಮಗೆ ಮೀನಿಗೆ ಬರವಿಲ್ಲ, ಐಸಿಗೆ ಬರ. ಹೊನ್ನಾವರದಿಂದ ಟೆಂಪೋ ಹತ್ತಿದ ಐಸು ಮನೆ ಮುಟ್ಟುವಷ್ಟರಲ್ಲಿ ಹೆದ್ದಾರಿಗೆ ಸಾಕಷ್ಟು ಅಭಿಷೇಕ ಮಾಡಿರುತ್ತದೆ. ಹಾಗಾಗಿ ಅಂಗಳದ ಮೂಲೆಯಲ್ಲೇ ಸಣ್ಣದೊಂದು ಐಸ್ ಮಿಶಿನ್ ಹಾಕುವುದೆಂದು ಅಪ್ಪ ತೀರ್ಮಾನಿಸಿದರು. ಅದಕ್ಕೆ ಮೂರು ಫೇಸ್ ಬೇಕು. ಲೈನಿನ ತುದಿಯಲ್ಲಿರುವ ನಮಗೆ ಬರುವುದು ಒಂದೇ ಫೇಸು, ಅದೂ ಮನಸ್ಸು ಬಂದಾಗ. ನಮ್ಮ ಜಾಗ ಅಷ್ಟು ಕರೆಂಟನ್ನು ತಾಳೀತೇ ಎಂದು ಪರಿಶೀಲಿಸಲು ವಿದ್ಯುತ್ ಇಲಾಖೆಯ ಸಾಹೇಬರೊಬ್ಬರು ಲೈನ್‌ಮನ್ ಜೊತೆ ಜೀಪಿನಲ್ಲಿ ಬಂದರು.

ಸಾಹೇಬರ ಪರಿಶೀಲನೆ ಬಹಳ ಆಳವಾಗಿತ್ತು. ರಸ್ತೆಯ ಕಡೆ ಒಮ್ಮೆ ನೋಡಿ ಕಂಬಗಳು ದೂರ ಇವೆ ಎಂದರು. ತೋಟದ ಕಡೆ ಒಮ್ಮೆ ನೋಡಿ ತೆಂಗಿನ ಗರಿ ತಂತಿಗೆ ತಾಗುತ್ತದೆ ಎಂದರು. ಉಳಿದ ಪರಿಶೀಲನೆಯನ್ನು ಜಗಲಿಯ ಕುರ್ಚಿಯಲ್ಲಿ ಕೂತು ಮುಂದುವರಿಸಿದರು. ಹಳೆಯ ತಂತಿ ಯಾವ ಸ್ಥಿತಿಯಲ್ಲಿದೆ, ಇನ್ನೆರಡು ತಂತಿಗೆ ಕಂಬದಲ್ಲಿ ಜಾಗ ಇದೆಯೇ ಎಂದು ನೋಡಲು ಹತ್ತಿದವನು ಲೈನ್‌ಮನ್. ನಮ್ಮ ಮನೆಗೂ ಪಕ್ಕದ ಮನೆಗೂ ಬರುವ ಲೈನಿನ ಫ್ಯೂಸನ್ನು ಅವನು ರಸ್ತೆಯ ಕಂಬದಲ್ಲಿ ಕಿತ್ತು ಜೇಬಿಗೆ ಹಾಕಿಕೊಂಡಿದ್ದ. ತಪ್ಪಿ ಬಂದ ಕರೆಂಟು ಮಣ್ಣಿಗೆ ಇಳಿಯಲೆಂದು ತಂತಿಯನ್ನು ನೆಲಕ್ಕೆ ಕಟ್ಟುವ ಸರಪಳಿಯನ್ನು ಹುಡುಕಹೊರಟಾಗ, ಹತ್ತು ನಿಮಿಷದ ಕೆಲಸಕ್ಕೆ ಅದೆಲ್ಲ ಯಾಕೆ ಎಂದು ಸಾಹೇಬರು ಕೇಳಿದರು. ಸರಪಳಿ ಜೀಪಿನಲ್ಲೇ ಸುರಕ್ಷಿತವಾಗಿ ಉಳಿಯಿತು. ಹೆಲ್ಮೆಟ್ಟೂ ಅದರ ಜೊತೆಗಿತ್ತು.

ಪಕ್ಕದ ಮನೆಯವರು ನಿವೃತ್ತ ಮಾಸ್ತರು. ಅವರಲ್ಲಿ ಒಂದು ಜನರೇಟರ್ ಇದೆ, ಜೊತೆಗೆ ಅಪಾರ ಕರುಣೆಯಿದೆ. ಮಳೆಗಾಲದಲ್ಲಿ ಕರೆಂಟು ಹೋದರೆ ಬೇಲಿಯ ಮೇಲಿನಿಂದ ಒಂದು ವಯರ್ ಎಸೆಯುತ್ತಾರೆ. ಅದರ ಎರಡು ತುದಿಗೂ ಪಿನ್ನು. ಒಂದು ತುದಿ ಅವರ ಜನರೇಟರಿಗೆ, ಇನ್ನೊಂದು ನಮ್ಮ ಜಗಲಿಯ ಸಾಕೆಟ್ಟಿಗೆ. ಅವರ ಮೇನ್ ಸ್ವಿಚ್ಚನ್ನು ಅವರು ಇಳಿಸಬೇಕು, ನಮ್ಮದನ್ನು ಅಪ್ಪ ಇಳಿಸಬೇಕು. ನಾವು ಪ್ರತಿಯಾಗಿ ಬಂಗಡೆ ಕೊಡುತ್ತೇವೆ. ಕರೆಂಟಿಗೆ ಮೀನು: ಯಾವ ಇಲಾಖೆಗೂ ಹೊಳೆಯದ ಯೋಜನೆ. ಆ ವಾರ ದಿನಾ ಕರೆಂಟು ಹೋಗಿ ಬಂದು ಮಾಡುತ್ತಿದ್ದುದರಿಂದ ವಯರ್ ನಮ್ಮ ಸಾಕೆಟ್ಟಿನಲ್ಲೇ ಇತ್ತು.

ಮಾಸ್ತರಿಗೆ ಅವರ ಅಂಗಳದಿಂದ ಹಿಂದಿನ ಕಂಬ ಕಾಣುವುದಿಲ್ಲ. ಕಂಡದ್ದು ಜೀಪು, ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದ ಸಾಹೇಬರು ಮತ್ತು ನಿಂತ ಫ್ಯಾನು. ಮನೆಗೆ ಬಂದ ಅತಿಥಿ ಬೆವರುವುದನ್ನು ಅವರು ಹೇಗೆ ಸಹಿಸಿಯಾರು? ತಮ್ಮ ಮೇನ್ ಶಿಸ್ತಾಗಿ ಇಳಿಸಿ ಜನರೇಟರ್ ಎಳೆದರು. ನಮ್ಮ ಮೇನ್ ಇಳಿಸಬೇಕಾದ ಅಪ್ಪ ಸಾಹೇಬರಿಗೆ ಎಳನೀರು ಕೆತ್ತುತ್ತಿದ್ದರು.

"ಕರೆಂಟ್ ಬಂತಲ್ಲ, ಒಳ್ಳೇದಾತು" ಎಂದರು ಸಾಹೇಬರು ಫ್ಯಾನಿನತ್ತ ಮುಖವೆತ್ತಿ.

ಬಿ.ಎಸ್ಸಿ.ಯಲ್ಲಿ ಫಿಸಿಕ್ಸ್ ಓದಿದವಳು ನಾನು. ತಂತಿಯಲ್ಲಿ ಕರೆಂಟು ಯಾವ ಕಡೆಗೂ ಹರಿದೀತು ಎಂದು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕವನ್ನೂ ಪಡೆದಿದ್ದೆ. ಅದು ನಿಜ, ಜಗಲಿಗೆ ಬಂದ ಜನರೇಟರಿನ ಕರೆಂಟು ನಮ್ಮ ಮೇನ್ ದಾಟಿ ಕಂಬಕ್ಕೂ ಹೋಗಿದೆ ಎಂದು ಅರಿವಾದದ್ದು ಹಿತ್ತಲಿನಿಂದ ಅಮ್ಮನ ಕೂಗು ಕೇಳಿದಾಗ. ನಮ್ಮ ಮೇನ್ ಇರುವುದು ಸಾಹೇಬರು ಕೂತಿದ್ದ ಕುರ್ಚಿಯ ಮೇಲ್ಗಡೆ ಗೋಡೆಯಲ್ಲಿ. ಅವರನ್ನು ಕುರ್ಚಿಸಮೇತ ನೂಕಿ ಸ್ವಿಚ್ಚು ಕೆಳಗೆಳೆದೆ. ಎಳನೀರು ಅವರ ಪ್ಯಾಂಟಿನ ಮೇಲೆ ಚೆಲ್ಲಿತು. "ಎಂತ ಹುಡುಗಿ ಇದು" ಎಂದದ್ದು ಕೇಳಿಸಿತು. ಓಡಿದೆ.

ಲೈನ್‌ಮನ್ ಸೊಂಟದ ಹಗ್ಗದಲ್ಲಿ ಹಿಂದಕ್ಕೆ ಬಾಗಿ ಜೋತಿದ್ದ, ಒಣಗಲು ಹಾಕಿದ ಬಟ್ಟೆಯ ಹಾಗೆ. ಇಕ್ಕಳ ಕೆಳಗೆ ಕೆಸುವಿನ ಗಿಡದಲ್ಲಿ ಬಿದ್ದಿತ್ತು. ಅಮ್ಮ ಕಂಬದ ಬುಡದಲ್ಲಿ ಸೆರಗು ಒಡ್ಡಿ ನಿಂತಿದ್ದಳು, ಅವನು ಬಿದ್ದರೆ ಹಿಡಿಯುವುದಕ್ಕೆ. ಎಷ್ಟು ಹೊತ್ತು ಹಾಗಿದ್ದೆವೋ. ಕೊನೆಗೆ ಅವನ ಕಾಲು ಅಲುಗಿತು. ಮಾತು ಮೇಲಿನಿಂದ ಬಂತು.

"ಯಾರ್ ಮಾರಾಯ್ರೆ ಅದು ಕರೆಂಟ್ ಬಿಟ್ಟದ್ದು?"

ಏಣಿ ಹಾಕಿ ಇಳಿಸಿದರು. ಬಲ ಅಂಗೈ ಸುಟ್ಟಿತ್ತು. ಸಾಹೇಬರ ಜೀಪಿನಲ್ಲೇ, ಹೆಲ್ಮೆಟ್ಟಿನ ಪಕ್ಕದಲ್ಲಿ ಮಲಗಿಸಿಕೊಂಡು, ಹೊನ್ನಾವರದ ಆಸ್ಪತ್ರೆಗೆ ಒಯ್ದರು. ಮಾಸ್ತರು ಬೇಲಿಯ ಹತ್ತಿರ ನಿಂತು, ತಮ್ಮ ಮೇನ್ ತಾವು ಇಳಿಸಿದ್ದಾಗಿ ಬಂದವರಿಗೆಲ್ಲ ಮಗ್ಗಿಯಂತೆ ಒಪ್ಪಿಸುತ್ತಿದ್ದರು.

ಕೆಲವು ವಾರಗಳ ನಂತರ ಸಾಹೇಬರ ಪರಿಶೀಲನೆಯ ಫಲಿತಾಂಶ ಬಂತು: ನಮ್ಮ ಜಾಗಕ್ಕೆ ಸಂಪರ್ಕ ಕೊಡಲು ಯಾವ ಅಡಚಣೆಯೂ ಇಲ್ಲ. ಜಾಗಕ್ಕೆ ಇರಲಿಲ್ಲ, ನಿಜ. ನನಗೆ ಮಾತ್ರ ಫ್ಯಾನು ಹಾಕಿದರೆ ನಿದ್ದೆ ಬರುತ್ತಿರಲಿಲ್ಲ. ರೆಕ್ಕೆ ಒಂದು ಸುತ್ತು ಬಂದರೆ ಸಾಕು, ಕಂಬದ ಮೇಲೆ ಯಾರಿದ್ದಾರೆ ಎಂದು ಎದ್ದು ಕೂರುತ್ತಿದ್ದೆ. ಹಾಕದಿದ್ದರೆ ಸೆಕೆ. ಬೀಸಣಿಗೆ ಹಿಡಿದು ಕೂತ ಪದವೀಧರೆಯನ್ನು ನೋಡಿ ಅಮ್ಮನಿಗೆ ಕಾಲೇಜಿಗೆ ಕಳಿಸಿದ್ದೇ ತಪ್ಪೇನೋ ಅನ್ನಿಸಿರಬೇಕು.

ಹೊಸ ತಂತಿ ಎಳೆಯಲು ಬಂದದ್ದು ಅದೇ ಲೈನ್‌ಮನ್. ಅಂಗೈಯಲ್ಲಿ ತಿಳಿಗೆಂಪು ಚರ್ಮ. ಮೊದಲು ನಮ್ಮ ಮೇನ್ ತಾನೇ ಇಳಿಸಿದ. ಸರಪಳಿ ತಂದು ತಂತಿಗಳನ್ನು ನೆಲಕ್ಕೆ ಕಟ್ಟಿದ. ಹೆಲ್ಮೆಟ್ ಹಾಕಿಕೊಂಡ. ಆಮೇಲೆ ಬೇಲಿಯ ಹತ್ತಿರ ಹೋದ.

"ಮಾಸ್ತ್ರೆ, ನಿಮ್ಮ ಆ ವಯರ್ ಒಂಚೂರು ಕೊಡಿ."

"ಎಂತಕೆ?"

"ಎಂತಕೂ ಅಲ್ಲ. ನಾ ಇಳಿಯೂವರೆಗೆ ನನ್ನ ಹತ್ರ ಇರ್ಲಿ. ನೀವೂ ಬಂದು ಕಂಬದ ಬುಡದಲ್ಲಿ ಕೂತ್ಕಳಿ. ಕಾಣ್ತಾ ಇದ್ರೆ ನಂಗೊಂದು ಧೈರ್ಯ."

ಮಾಸ್ತರು ವಯರ್ ಕೊಟ್ಟರು. ಅದನ್ನು ಹಾರದಂತೆ ಕೊರಳಿಗೆ ಹಾಕಿಕೊಂಡು ಅವನು ಕಂಬ ಹತ್ತಿದ. ಕೆಳಗೆ ಕುರ್ಚಿಯಲ್ಲಿ, ಕೊಡೆ ಹಿಡಿದುಕೊಂಡು, ಮಾಸ್ತರು ಮಧ್ಯಾಹ್ನದವರೆಗೂ ಕೂತರು. ಎಳನೀರು ಕೊಟ್ಟರೆ ಕುಡಿಯಲಿಲ್ಲ. ಅವನು ಇಳಿದು ನೆಲಕ್ಕೆ ಕಾಲಿಟ್ಟ ಮೇಲೆ ಅರ್ಧ ಅವನಿಗೆ ಕೊಟ್ಟು, ಉಳಿದರ್ಧ ತಾವು ಕುಡಿದರು. ವಯರನ್ನು ವಾಪಸು ಕೇಳಲಿಲ್ಲ.

ಅವತ್ತು ರಾತ್ರಿ ಫ್ಯಾನು ಹಾಕಿಕೊಂಡು ಮಲಗಿದೆ. ಎಚ್ಚರವಾದಾಗ ಬಿಸಿಲು ಹಾಸಿಗೆಗೆ ಬಂದಿತ್ತು. ಅಮ್ಮ ಸ್ವಿಚ್ಚಿನ ಹತ್ತಿರ ನಿಂತು, ಬಿಲ್ಲು ಯಾರು ಕಟ್ಟುತ್ತಾರೆ ಎಂದು ಬೈಯುತ್ತಾ ಫ್ಯಾನು ಆರಿಸುತ್ತಿದ್ದಳು.