ತೂಕ ನಿಂತಾಗಲೆಲ್ಲ ತಾಯಮ್ಮ ಅಲ್ಲೇ ಇರುತ್ತಿದ್ದರು

ಎರಡು ವರ್ಷದ ಹಿಂದಿನ ಮಾತು. ಆಯುಧಪೂಜೆಗೆ ಸರಿಯಾಗಿ ನಮ್ಮ ಡೈರಿಗೆ ಹೊಸ ಕಂಪ್ಯೂಟರ್ ಬಂತು. ನಮ್ಮದು ಸಾತನೂರಿನ ಮಗ್ಗುಲ ಹಳ್ಳಿ, ಅಲ್ಲಿನ ಮಹಿಳಾ ಹಾಲಿನ ಸಂಘಕ್ಕೆ ನಾನು ಸೆಕ್ರೆಟರಿ. ಹೆಂಗಸರು ಹಾಲು ತಂದು ಸುರಿಯುತ್ತಾರೆ, ತೂಕದ ಮಿಷನ್ನಿನ ಅಂಕಿ ವೈರಿನಲ್ಲಿ ಕಂಪ್ಯೂಟರಿಗೆ ಹೋಗುತ್ತದೆ, ಚೀಟಿ ಹೊರಗೆ ಬರುತ್ತದೆ. ನಾನು ಕೈಯಲ್ಲಿ ಬರೆದುಕೊಟ್ಟರೆ ನಮ್ಮೂರಲ್ಲಿ ಯಾರೂ ನಂಬುವುದಿಲ್ಲ, ಮಿಷನ್ ಚೀಟಿ ಕೊಟ್ಟರೆ ನಂಬುತ್ತಾರೆ. ಅದಕ್ಕೆ ನನಗೇನೂ ಬೇಜಾರಿಲ್ಲ. ನನ್ನ ಬರಹ ಎಷ್ಟೋ ಸಲ ನನಗೇ ಓದಲು ಬರುವುದಿಲ್ಲ.

ಕಂಪ್ಯೂಟರ್ ಕೂರಿಸಿದವನು ಚನ್ನಪಟ್ಟಣದ ಇರ್ಫಾನ್. ಅವರಪ್ಪ ಬೊಂಬೆ ಮಾಡುವವರು. ಇವನು ಹೈವೇ ಪಕ್ಕ ರಿಪೇರಿ ಅಂಗಡಿ ಇಟ್ಟಿದ್ದಾನೆ. ಹಳೆಯ ಡಬ್ಬ ಬಿಚ್ಚಿ, ತೂಕದ ವೈರು ಸೇರುವ ಕಾರ್ಡನ್ನು ಹೊಸದಕ್ಕೆ ಹಾಕಿದ. ಇನ್ನೊಂದು ಕಾರ್ಡು ಕೈಯಲ್ಲಿ ಹಿಡಿದು, "ಈ ಮೋಡೆಮ್ ಯಾಕಕ್ಕಾ? ಫೋನ್ ಲೈನಲ್ಲಿ ಲೆಕ್ಕ ಕಳಿಸೋ ಕಾಲ ಮುಗೀತು. ಬಿಸಾಕಿ" ಎಂದ.

ಅಲ್ಲೇ ಕೂತಿದ್ದ ನಮ್ಮ ಅಧ್ಯಕ್ಷೆಗೆ ಮೈ ಉರಿದುಹೋಯಿತು. "ಬಿಸಾಕಾದಾ? ಸಂಘದ ಆಸ್ತಿ ಕಣಪ್ಪ ಅದು! ಆಡಿಟ್ನೋರು ಎಲ್ಲೈತೆ ಅಂತ ಕೇಳುದ್ರೆ ನಿನ್ನ ತೋರಿಸ್ಲಾ?"

ಸಹಕಾರ ಸಂಘ ಎಂದರೆ ಹಾಗೆ. ಕೆಟ್ಟ ಸೌಟನ್ನು ಎಸೆಯಬೇಕಾದರೂ ಸಭೆಯಲ್ಲಿ ಠರಾವು ಆಗಬೇಕು. ಕಳೆದುಹೋಗದಂತೆ ಇಡಲು ಕಂಪ್ಯೂಟರಿನ ಹೊಟ್ಟೆಗಿಂತ ಭದ್ರವಾದ ಜಾಗ ಯಾವುದಿದೆ? ಮೋಡೆಮ್ ಒಳಗೇ ಹೋಯಿತು. ಡೈರಿಯ ಹಳೆಯ ಫೋನಿಗೂ ಅದೇ ಗತಿ. ಲೈನು ತೆಗೆಸಲು ಠರಾವಿಲ್ಲ, ಹೊಸ ಮೇಜಿನ ಮೇಲೆ ಜಾಗವಿಲ್ಲ. ಫೋನನ್ನು ಒರೆಸಿ ಬೀರುವಿನಲ್ಲಿಟ್ಟೆ. ಗೋಡೆಯಿಂದ ಬರುವ ಲೈನಿನ ವೈರು ಮೊದಲಿನಂತೆ ಮೋಡೆಮ್ಮಿಗೆ ಸಿಕ್ಕಿಕೊಂಡೇ ಇತ್ತು. ಎಲ್ಲರ ಕೈಯಲ್ಲೂ ಮೊಬೈಲಿರುವಾಗ ಆ ಫೋನು ಯಾರಿಗೆ ಬೇಕು ಎಂದುಕೊಂಡೆ.

ಕಂಪ್ಯೂಟರ್ ಚೆನ್ನಾಗಿಯೇ ನಡೆಯಿತು. ಕಾರ್ತಿಕ ಶುರುವಾದ ಮೇಲೆ ಒಂದು ಬೆಳಿಗ್ಗೆ, ಅರ್ಧ ಸಾಲು ಮುಗಿದಿದೆ, ತೂಕ ನಿಂತಿತು. ಮಿಷನ್ ಮೇಲೆ ಅಂಕಿ ಕಾಣುತ್ತದೆ, ಕಂಪ್ಯೂಟರಿಗೆ ತಲುಪುವುದಿಲ್ಲ. ಇರ್ಫಾನ್‌ಗೆ ಫೋನು ಮಾಡಿದರೆ, "ಆಫ್ ಮಾಡಿ ಆನ್ ಮಾಡಿ ಅಕ್ಕಾ." ಮಾಡಿದೆ, ಸರಿಹೋಯಿತು. ಮಾರನೆಯ ಬೆಳಿಗ್ಗೆ ಮತ್ತೆ ಅದೇ ರಾಮಾಯಣ. ಸಂಜೆ ಹಾಲಿಗೆ ಮಾತ್ರ ಏನೂ ಆಗುತ್ತಿರಲಿಲ್ಲ. ಇರ್ಫಾನ್ ಮಧ್ಯಾಹ್ನ ಬಂದು ವೈರು ಬದಲಾಯಿಸಿದ. ಇನ್ನೊಮ್ಮೆ ಬಂದು ಅರ್ಥಿಂಗ್ ಸರಿಯಿಲ್ಲ ಎಂದು ನೆಲ ಅಗೆಸಿ ಉಪ್ಪು, ಇದ್ದಿಲು ಹಾಕಿಸಿದ. ಅವನು ಇರುವಷ್ಟು ಹೊತ್ತೂ ಅದು ಬಲು ಸಾಧುವಾಗಿರುತ್ತಿತ್ತು.

ಕಾರಣ ಕಂಡುಹಿಡಿದವಳು ರಾಜಮ್ಮ. ಸಾಲಿನಲ್ಲಿ ಎಲ್ಲರಿಗಿಂತ ದೊಡ್ಡ ಬಾಯಿ ಅವಳದು. "ನಾನು ನೋಡ್ತಾನೇ ಇವ್ನಿ. ಆ ತಾಯಮ್ಮ ಹಾಲು ಉಯ್ದು ಮನೀಗೋಗಕಿಲ್ಲ, ಮೂಲೇಲಿ ನಿಂತ್ಕತಾಳೆ. ಅವ್ಳು ನಿಂತ್ಕಂಡ್ ಮ್ಯಾಲೇ ಮಿಷನ್ ಕೆಡಾದು. ಏನ್ ಕಣ್ಣವ್ವಾ ಅದು!"

ತಾಯಮ್ಮ ಗಂಡ ಇಲ್ಲದವರು, ಮಗನ ಮನೆಯಲ್ಲಿದ್ದರು. ಮಾತು ಕಡಿಮೆ. ಮಗಳು ಸವಿತಾ ಅಣ್ಣನಿಗೆ ಇಷ್ಟವಿಲ್ಲದ ಮದುವೆ ಮಾಡಿಕೊಂಡು ಮಾಗಡಿ ಕಡೆಯ ಗುಡೇಮಾರನಹಳ್ಳಿಗೆ ಹೋಗಿದ್ದಳು. ಅವಳ ಹೆಸರೆತ್ತಿದರೆ ಮನೆಯಲ್ಲಿ ರಂಪವೇ. ಇದೆಲ್ಲ ಊರಿಗೇ ಗೊತ್ತಿತ್ತು. ಈಗ ಅದರ ಮೇಲೆ ಇದೊಂದು ಸೇರಿಕೊಂಡಿತು. ತಾಯಮ್ಮ ಬಂದರೆ ಹೆಂಗಸರು ಪಾತ್ರೆಗೆ ಸೆರಗು ಮುಚ್ಚತೊಡಗಿದರು. ಇವರು ಹಾಲು ತರುವುದಾದರೆ ನಾವು ಪ್ರೈವೇಟ್ ವ್ಯಾನಿಗೆ ಹಾಕುತ್ತೇವೆ ಎಂದು ನನಗೇ ಹೇಳಿದರು.

ಕಣ್ಣು ಬೀಳುವುದು ಗೀಳುವುದು ನಾನು ನಂಬುವವಳಲ್ಲ. ಆದರೆ ಜಗಳ ಬೇಡವಾಗಿತ್ತು. "ತಾಯವ್ವಾ, ಉಯ್ದು ಹೊರಟುಬುಡಿ, ಯಾಕೆ ಸುಮ್ಕೆ ನಿಲ್ತೀರಾ?" ಎಂದೆ. ಅವರು ನನ್ನನ್ನೊಮ್ಮೆ, ಒಳಗಿನ ಕೋಣೆಯ ಬಾಗಿಲನ್ನೊಮ್ಮೆ ನೋಡಿ, "ಆಯ್ತು ಕಣವ್ವ" ಎಂದು ಹೋದರು. ಅಂದೂ ತೂಕ ನಿಂತಿತು. ನಾನು ಗೆದ್ದವಳಂತೆ ರಾಜಮ್ಮನ ಕಡೆ ತಿರುಗಿದರೆ, ಅವಳು ಕಿಟಕಿಯತ್ತ ಕೈ ತೋರಿಸಿದಳು. ಎದುರಿನ ಹುಣಸೆಮರದ ಕೆಳಗೆ ತಾಯಮ್ಮ ಡೈರಿಯನ್ನೇ ನೋಡುತ್ತಾ ನಿಂತಿದ್ದರು. ಅಯ್ಯೋ ಕರ್ಮವೇ!

ಮುಂದಿನ ಸಭೆಯಲ್ಲಿ ತಾಯಮ್ಮನ ಹಾಲು ಬೇಡವೆಂದು ತೀರ್ಮಾನಿಸುವ ಮಾತು ನಡೆಯಿತು. ನಾನು ಇರ್ಫಾನ್‌ಗೆ ಫೋನು ಮಾಡಿ ಚೆನ್ನಾಗಿ ಉಗಿದೆ. "ನಾಳೆ ಬೆಳಗಾಗೆ ಹಾಲಿನ ಹೊತ್ತಿಗೇ ಬಾ. ಇಲ್ದಿದ್ರೆ ಒಂದು ಹೆಂಗಸಿನ ಬಾಳು ಹಾಳಾಗುತ್ತೆ, ಪಾಪ ನಿನಗೇ ಸುತ್ಕೊಳ್ಳುತ್ತೆ."

ಪಾಪ, ಚಳಿಯಲ್ಲಿ ಬೈಕಿನಲ್ಲಿ ಬಂದ. ಸಾಲು ಶುರುವಾಗುವ ಮೊದಲೇ ಕೂತು ಕಂಪ್ಯೂಟರ್ ತನ್ನೊಳಗೆ ತಾನೇ ಬರೆದಿಟ್ಟುಕೊಂಡಿದ್ದನ್ನು ತೆಗೆದು ಓದಿದ. "ಅಕ್ಕಾ, ದಿನಾ ಹೆಚ್ಚುಕಮ್ಮಿ ಒಂದೇ ಟೈಮಿಗೆ ಯಾವ್ದೋ ಕಾರ್ಡು ಕೂಗ್ತಾ ಐತೆ. ಕೇಳೋರೇ ಇಲ್ಲ" ಎಂದ.

"ಕೂಗಿದ್ರೆ ತೂಕ ಯಾಕೆ ನಿಲ್ಲುತ್ತೋ?"

"ಒಂದು ಮನೆ, ಎರಡು ಬಾಡಿಗೆ ಸಂಸಾರ, ಬಾಗ್ಲು ಮಾತ್ರ ಒಂದೇ ಅಂದ್ಕೊಳ್ಳಿ. ಒಬ್ಬ ಒಂದೇ ಸಮ ಬಾಗ್ಲು ಬಡೀತಾನೆ. ಅವನು ಯಾರು ಅಂತ ಒಳಗಿರೋ ಮನೆ ಯಜಮಾನ್ರಿಗೆ ಗೊತ್ತಿಲ್ಲ. ಕಿವಿ ಹೋಯ್ತದೆ ಅಂತ ಬಾಗ್ಲಿಗೆ ಬೀಗ ಹಾಕ್ಬುಡ್ತಾರೆ. ಇನ್ನೊಂದು ಸಂಸಾರನೂ ಹೊರಗೇ ಉಳ್ಕತದೆ. ಆ ಇನ್ನೊಂದು ಸಂಸಾರ ನಿಮ್ಮ ತೂಕ."

"ಬಾಗಿಲು ಬಡೆಯೋನು?"

ಇರ್ಫಾನ್ ಡಬ್ಬದ ಮುಚ್ಚಳ ತೆಗೆದ. ಒಳಗೆ ಇದ್ದದ್ದು ಸಂಘದ ಆಸ್ತಿ. "ಈ ಮೋಡೆಮ್ಮು. ಹಳೇ ಕಂಪ್ಯೂಟರಿಗೆ ಇದರ ಗುರುತಿತ್ತು, ಹೊಸದಕ್ಕೆ ಇಲ್ಲ. ಆದ್ರೆ ಇದು ಸುಮ್‌ಸುಮ್ನೆ ಕೂಗಲ್ಲ ಅಕ್ಕಾ. ಲೈನಿಗೆ ಫೋನ್ ಬಂದ್ರೆ ಮಾತ್ರ ಕೂಗೋದು. ದಿನಾ ಯಾರೋ ಡೈರಿಗೆ ಫೋನ್ ಮಾಡ್ತಾವ್ರೆ. ಫೋನ್ ಎಲ್ಲಿಟ್ರಿ?"

ಬೀರುವಿನಿಂದ ಫೋನು ತಂದೆ. ಅವನು ಅದನ್ನು ಮೋಡೆಮ್ಮಿನ ಇನ್ನೊಂದು ತೂತಿಗೆ ಸಿಕ್ಕಿಸಿ ಮೇಜಿನ ಮೇಲಿಟ್ಟ. ಸಾಲು ಶುರುವಾಯಿತು. ತಾಯಮ್ಮ ಹಾಲು ಸುರಿದು, ಯಾರ ಮುಖವನ್ನೂ ನೋಡದೆ ಹೊರಟು, ಬಾಗಿಲ ಬಳಿ ನಿಂತರು. ರಾಜಮ್ಮ ಬಾಯಿ ತೆರೆಯುವಷ್ಟರಲ್ಲಿ ಫೋನು ಟ್ರಿಣ್ ಟ್ರಿಣ್ ಎಂದು ಬಡಿದುಕೊಂಡಿತು. ಕಂಪ್ಯೂಟರಿನಲ್ಲಿ ತೂಕ ನಿಂತುಹೋಯಿತು.

ಎತ್ತಿದೆ. ಆ ಕಡೆ ಹೆಣ್ಣುದನಿ, ಎತ್ತುತ್ತಾರೆಂಬ ಆಸೆಯನ್ನೇ ಬಿಟ್ಟಿದ್ದ ದನಿ: "ಡೈರಿನಾ? ನಮ್ಮವ್ವ ತಾಯಮ್ಮ ಅಲ್ಲಿ ಅವ್ರಾ ಅಕ್ಕ? ನಾನು ಸವಿತಾ."

ನಾನು ಫೋನು ಚಾಚಿದೆ. ತಾಯಮ್ಮ ಕೈಯನ್ನು ಸೀರೆಗೆ ಒರೆಸಿಕೊಂಡು ಬಂದು ಎರಡೂ ಕೈಯಲ್ಲಿ ಹಿಡಿದುಕೊಂಡರು. ಹಾಲಿನ ಪಾಸ್‌ಬುಕ್ಕಿನ ಮೇಲಿದ್ದ ಡೈರಿ ನಂಬರು ಮಗಳಿಗೆ ನೆನಪಿತ್ತಂತೆ. ಬೆಳಗಿನ ಹಾಲಿನ ಹೊತ್ತಿಗೆ ಫೋನು ಮಾಡುತ್ತೇನೆಂದು ಯಾರ ಕೈಲೋ ಹೇಳಿಕಳಿಸಿದ್ದಳಂತೆ. ಮನೆಯ ಮೊಬೈಲು ಮಗನ ಜೇಬಿನಲ್ಲಿ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ಕೇಳಿಸಿದ್ದು ಇಷ್ಟೇ: "ಕೆಂದಿ ಈದವ್ಳೆ ಕಣ್ ಮಗ. ಹೆಣ್ಗರ. ಹೂಂ, ನಿನ್ನ ಕೆಂದೀನೇ."

ಸಾಲಿನ ಹಿಂದಿನಿಂದ ಯಾರೋ, "ತೂಕ ಯಾಕ್ ನಿಂತೋಯ್ತು?" ಎಂದರು. ರಾಜಮ್ಮ ಗದರಿದಳು: "ಒಸಿ ಸುಮ್ಕಿರ್ರೇ! ಮಾತಾಡ್ಲಿ."

ಫೋನಿಟ್ಟ ಮೇಲೆ ತಾಯಮ್ಮ ಬೀರುವನ್ನೂ ಮೇಜನ್ನೂ ನೋಡಿ, "ಫೋನು ಒಳಗಡೆ ಕೋಣೇಲೈತೆ ಅಂದ್ಕಂಡಿದ್ದೆ ಕಣವ್ವ. ಬಂದ್ರೆ ನೀವು ಕರೀತೀರಿ ಅಂತ ನಿಂತ್ಕತಿದ್ದೆ" ಎಂದರು. ಬೈಗುಳವಿರಲಿಲ್ಲ, ಅಳುವೂ ಇರಲಿಲ್ಲ. ಅಷ್ಟು ದಿನ ಆಕೆಯ ಮಗಳು ಕರೆಯುತ್ತಲೇ ಇದ್ದಳು, ನಾವು ಇಲ್ಲಿ ಆಕೆಯ ಕಣ್ಣು ಕೆಟ್ಟದ್ದೆನ್ನುತ್ತಿದ್ದೆವು.

ಅವತ್ತೇ ಮೋಡೆಮ್ ತೆಗೆದು ಬೀರುವಿನಲ್ಲಿಟ್ಟು, ಫೋನನ್ನು ನೇರವಾಗಿ ಲೈನಿಗೆ ಕೊಟ್ಟೆವು. ತೂಕ ಮತ್ತೆ ನಿಂತಿಲ್ಲ. ತಾಯಮ್ಮನ ಬಳಿ ಯಾರೂ ತಪ್ಪಾಯಿತು ಎನ್ನಲಿಲ್ಲ. ನಮ್ಮ ಕಡೆ ಹಾಗೆ ಹೇಳುವ ಅಭ್ಯಾಸ ಕಡಿಮೆ. ಆದರೆ ಬಾಯಲ್ಲಿ ಎಳ್ಳುಕಾಳು ನೆನೆಯದ ಆ ಹೆಂಗಸರಲ್ಲಿ ಒಬ್ಬಳೂ ಈ ವಿಷಯವನ್ನು ತಾಯಮ್ಮನ ಮನೆಯವರೆಗೆ ಮುಟ್ಟಿಸಲಿಲ್ಲ.

ಕೆಲವು ತಿಂಗಳ ಮೇಲೆ ತಾಯಮ್ಮನಿಗೆ ಜ್ವರ ಬಂದು ಮಗನೇ ಹಾಲು ತಂದ. ಅದೇ ಹೊತ್ತಿಗೆ ಫೋನು ಬಡಿದುಕೊಂಡಿತು. ಅವನು ತಲೆಯೆತ್ತಿ, "ಇಷ್ಟೊತ್ತಿಗೆ ಯಾರ್ದು ಫೋನು?" ಎಂದ.

ರಾಜಮ್ಮ ಸಾಲು ಬಿಟ್ಟು ಬಂದು, ಫೋನಿಗೂ ಅವನಿಗೂ ನಡುವೆ ಅಡ್ಡ ನಿಂತಳು. "ನಿಂಗ್ಯಾಕ್ಲಾ ಅದು? ನನ್ನ ಮಗಳ್ದು. ಹಾಲು ಉಯ್ದು ನಡಿ."

ರಾಜಮ್ಮನಿಗೆ ಇರುವ ಮೂವರೂ ಗಂಡುಮಕ್ಕಳೇ.